ಏಡಿ ತಿಂದ ಮೇಷ್ಟ್ರು

ಮೊನ್ನೆ ಸಂತೇಬೆನ್ನೂರಿನ ಗೊಬ್ಬರದಂಗಡಿಯಲ್ಲಿ ಹರಿದ ಚೀಲವೊಂದರಿಂದ ಕೀಟನಾಶಕ ಪುಡಿಯ ಘಾಟು ಮೂಗಿಗೆ ಬಡಿಯಿತು. ನನಗರಿವಿಲ್ಲದೆಯೇ ಕೈ ಮೊಣಕಾಲಿಗೆ ಹೋಯಿತು. ನಲವತ್ತು ವರ್ಷದ ಹಿಂದಿನ ವಿಜ್ಞಾನದ ಮೇಷ್ಟ್ರು ಕಣ್ಣ ಮುಂದೆ ನಿಂತರು...

ಆಗ ನಾನು ಬಸವಾಪಟ್ಟಣದ ಕಡೆಯ ಶಾಲೆಯೊಂದರಲ್ಲಿ ಆರನೇ ಕ್ಲಾಸು. ಸುತ್ತಲೂ ಚಾನಲ್ ನೀರಿನ ಭತ್ತದ ಗದ್ದೆಗಳು. ಅವತ್ತು ಮೇಷ್ಟ್ರು ಬೋರ್ಡಿನ ಮೇಲೆ 'ಆಹಾರ ಸರಪಳಿ' ಎಂದು ಬರೆದು, ಭತ್ತದಿಂದ ಮಿಡತೆಗೆ, ಮಿಡತೆಯಿಂದ ಕಪ್ಪೆಗೆ, ಕಪ್ಪೆಯಿಂದ ಹಾವಿಗೆ ಬಾಣ ಎಳೆದರು. ಗದ್ದೆಗೆ ಹೊಡೆದ ಪುಡಿ ಎಲ್ಲೂ ಹೋಗುವುದಿಲ್ಲ, ತಿಂದವರ ಮೈಯಲ್ಲಿ ಸೇರುತ್ತಾ ಹೋಗುತ್ತದೆ ಎಂದರು. ಅಂಥ ಗದ್ದೆಯ ಏಡಿ ತಿಂದು ಎಲ್ಲೋ ಕೆಲವರ ಕಾಲೇ ಸೋತುಹೋದವಂತೆ ಎಂದೂ ಹೇಳಿದರು.

ನನ್ನ ಜೀವ ಬಾಯಿಗೆ ಬಂತು. ಹಿಂದಿನ ಭಾನುವಾರವಷ್ಟೇ ಗೆಳತಿಯ ಗದ್ದೆಯ ಬದುವಿನಲ್ಲಿ ಅವಳ ಜೊತೆ ಕೂತು ಸುಟ್ಟ ಏಡಿ ತಿಂದಿದ್ದೆ. ಗದ್ದೆಯಲ್ಲಿ ಇದೇ ಘಾಟು ಇತ್ತು. ನಮ್ಮದು ಲಿಂಗ ಕಟ್ಟಿದವರ ಮನೆ, ಮೊಟ್ಟೆ ಕೂಡ ಹೊಸ್ತಿಲು ದಾಟುವಂತಿರಲಿಲ್ಲ. ಹೇಳಿದರೆ ಅವ್ವ ಚರ್ಮ ಸುಲಿಯುತ್ತಾಳೆ, ಹೇಳದಿದ್ದರೆ ಕಾಲು ಹೋಗುತ್ತದೆ. ಮೂರು ದಿನ ಕೂತಲ್ಲೇ ಕಾಲ್ಬೆರಳು ಅಲ್ಲಾಡಿಸಿ ನೋಡಿಕೊಳ್ಳುತ್ತಿದ್ದೆ.

ನಾಲ್ಕನೇ ದಿನ ಶಾಲೆ ಬಿಟ್ಟ ಮೇಲೆ ಮೇಷ್ಟ್ರ ಮುಂದೆ ಎಲ್ಲವನ್ನೂ ಹೇಳಿ ಅತ್ತುಬಿಟ್ಟೆ. ಅವರು ಬಾಗಿಲ ಕಡೆ ನೋಡಿ ಮೆಲ್ಲಗೆ ಹೇಳಿದರು:

"ಅಳಬ್ಯಾಡವ್ವ. ನಾನೂ ತಿಂದೀನಿ, ಇದೇ ಗದ್ದೆ ಏಡಿ. ನೋಡು, ನನ್ನ ಕಾಲು ಹೆಂಗೈತೆ? ಇನ್ನು ಮಾತ್ರ ನೀವಿಬ್ರೂ ತಿನ್ನಾಕೆ ಹೋಗಬ್ಯಾಡ್ರಿ."

ಹಣೆ ತುಂಬ ವಿಭೂತಿ ಹಚ್ಚುವ ಮೇಷ್ಟ್ರು ಏಡಿ ತಿಂದಿದ್ದರು! ಅವರ ಗುಟ್ಟು ನನ್ನ ಕೈಗೆ ಸಿಕ್ಕಿ ಅರ್ಧ ಭಯ ಇಳಿಯಿತು. ಆದರೆ ಮರುದಿನದಿಂದ ಪ್ರಾರ್ಥನೆಗೆ ಮೊದಲು ನಮ್ಮಿಬ್ಬರನ್ನೇ ಧ್ವಜದ ಕಂಬದ ಸುತ್ತ ಓಡಿಸತೊಡಗಿದರು. ಶಿಕ್ಷೆ ಎಂದುಕೊಂಡೆ. ಒಮ್ಮೆ ನಾನು ಎಡವಿ ಬಿದ್ದಾಗ ಚಪ್ಪಲಿ ಬಿಟ್ಟು ಓಡಿಬಂದು ಎಬ್ಬಿಸಿದರು. ನನ್ನ ಎರಡೂ ಕಾಲನ್ನು ಒತ್ತಿ ಒತ್ತಿ ನೋಡಿದರು... ಬೇಸಿಗೆ ರಜೆಯವರೆಗೂ ಆ ಓಟ ತಪ್ಪಲಿಲ್ಲ.

ಮೇಷ್ಟ್ರ ಊರು ಸಂತೇಬೆನ್ನೂರೇ. ಅಂಗಡಿಯಿಂದ ಹೊರಟವಳು ವಿಚಾರಿಸಿಕೊಂಡು ಅವರ ಮನೆಗೆ ಹೋದೆ. ಅವರು ತೀರಿಕೊಂಡು ವರ್ಷಗಳಾಗಿದ್ದವು. ಅವರ ಹೆಂಡತಿಯ ಮುಂದೆ ನಗುತ್ತಲೇ ಏಡಿಯ ಸುದ್ದಿ ಎತ್ತಿದೆ.

"ಏಡಿನಾ? ಅವ್ರು ಮೊಟ್ಟೆನೂ ಮುಟ್ಟಿದೋರಲ್ಲ ಕಣ್ರೀ," ಎಂದರು ಆಕೆ. ಆಮೇಲೆ ಏನೋ ನೆನಪಾಗಿ, "ಒಂದು ವರ್ಷ ಮಾತ್ರ ನಿದ್ದೆ ಬಿಟ್ಟಿದ್ರು. ಯಾರೋ ಎರಡು ಹುಡುಗೇರ ಕಾಲು, ಕಾಲು ಅಂತ ಹಲುಬ್ತಿದ್ರು."

ನನ್ನ ಭಯ ಕಳೆಯಲು ಸುಳ್ಳು ಹೇಳಿ, ಆ ಭಯವನ್ನು ಅವರೊಬ್ಬರೇ ಅನುಭವಿಸಿದ್ದರು. ಅಂಗಳಕ್ಕೆ ಇಳಿದು ನಿಂತೆ. ಕಾಲು ಇವತ್ತಿಗೂ ಗಟ್ಟಿಯಾಗಿವೆ. ಓಡಿ ತೋರಿಸೋಣವೆಂದರೆ ನೋಡಲು ಮೇಷ್ಟ್ರಿಲ್ಲ.