ಹನ್ನೊಂದನೆಯ ಹೆಜ್ಜೆಯ ತಪ್ಪು

ಪ್ಲೊವ್ದಿವ್ ನಗರದ ವಿಶ್ವವಿದ್ಯಾಲಯದಲ್ಲಿ ನಾನು ಭೌತಶಾಸ್ತ್ರ ಓದುವಾಗ ನಮಗೆ ಚಲನಶಾಸ್ತ್ರ ಕಲಿಸುತ್ತಿದ್ದವರು ಸ್ಟಾಮೆನಾ ಬೊಯಾಜೀವಾ. ಗಿಡ್ಡ ಹೆಂಗಸು, ತೋಳಿನ ತುಂಬ ಸೀಮೆಸುಣ್ಣದ ಪುಡಿ. ಮೊದಲ ದಿನವೇ ತರಗತಿಯ ಸೂರಿನ ಕೊಕ್ಕೆಗೆ ಬಾವಿಯ ಸರಪಳಿಯೊಂದನ್ನು ಇಳಿಬಿಟ್ಟು, ತುದಿಗೆ ಕಬ್ಬಿಣದ ಗುಂಡು ಕಟ್ಟಿ, ಜೋರಾಗಿ ತಳ್ಳಿದರು. ಮುಂದಿನ ಸಾಲಿನವರೆಲ್ಲ ತಲೆ ತಗ್ಗಿಸಿದೆವು.

“ಹೆದರ್ಕೋಬೇಡಿ, ನಮ್ಮಪ್ಪನ ಬಾವೀದು. ಇಪ್ಪತ್ತು ವರ್ಷದಿಂದ ನನ್ನ ಮಾತು ಕೇಳಿಲ್ಲ, ನಿಮ್ಮ ಮಾತಾದ್ರೂ ಕೇಳುತ್ತಾ ನೋಡೋಣ,” ಎಂದರು.

ಆ ತೂಗಾಟವೇ ಅವರ ಸಂಶೋಧನೆ. ಹೇಗೆ ತಳ್ಳಿದರೂ ಸರಪಳಿ ಕೊನೆಗೆ ಒಂದೇ ನಿಯಮಕ್ಕೆ ಬಂದು ಸೇರುತ್ತದೆಂದು ೧೯೭೧ರಲ್ಲಿ ಗಣಿತದಿಂದ ಸಾಧಿಸಿದ್ದರು. ಅವರಿಗೆ ಹೆಸರು ತಂದ ಪ್ರಬಂಧ ಅದು.

೧೯೮೬ರ ವಸಂತದಲ್ಲಿ, ಕೊನೆಯ ವರ್ಷದ ಕೆಲಸಕ್ಕೆಂದು ನಾನು ಅದನ್ನು ಸಾಲು ಸಾಲಾಗಿ ಓದತೊಡಗಿದೆ. ಹನ್ನೊಂದನೆಯ ಹೆಜ್ಜೆಗೆ ಬಂದು ನಿಂತುಬಿಟ್ಟೆ. ಅಲ್ಲಿ ಅವರು ಒಂದು ಪರಿಮಾಣದಿಂದ ಭಾಗಿಸಿದ್ದರು. ಗುಂಡು ಹಗುರಾಗಿದ್ದರೆ ಅದು ಸೊನ್ನೆಯಾಗಿಬಿಡಬಹುದಿತ್ತು. ಸೊನ್ನೆಯಿಂದ ಭಾಗಿಸಬಾರದೆಂದು ಶಾಲೆಯ ಮಕ್ಕಳಿಗೂ ಗೊತ್ತು. ತಪ್ಪು ನನ್ನದೇ ಇರಬೇಕೆಂದು ಒಂದು ವಾರ ಮತ್ತೆ ಮತ್ತೆ ಲೆಕ್ಕ ಹಾಕಿದೆ. ಊಟ ಸೇರಲಿಲ್ಲ.

ಕೊನೆಗೊಂದು ಬೆಳಿಗ್ಗೆ ಅವರ ಕೋಣೆಗೆ ಹೋದೆ. ಮೇಡಂ ಚೀಸ್ ತುಂಬಿದ ಬಾನಿತ್ಸಾ ರೊಟ್ಟಿ ತಿನ್ನುತ್ತಿದ್ದರು.

“ಏನೇ ನೆವೆನಾ, ಮುಖ ಯಾಕೆ ಹಿಂಗಿದೆ? ಯಾವನಾದ್ರೂ ಕೈಕೊಟ್ನಾ?”

ಲೆಕ್ಕದ ಹಾಳೆ ಚಾಚಿದೆ. ಅವರು ಕೈಯೊರೆಸಿಕೊಂಡು ಓದಿದರು. ಇನ್ನೊಮ್ಮೆ ಓದಿದರು. ಕಿಟಕಿಯಾಚೆ ಟ್ರಾಲಿಬಸ್ಸೊಂದು ಹಾದುಹೋಯಿತು.

“ಎಷ್ಟು ದಿನ ಆಯ್ತು ಇದು ಕಂಡು?”

“ಒಂದು ವಾರ, ಮೇಡಂ.”

“ಒಂದು ವಾರ ಒಬ್ಬಳೇ ಹೊತ್ಕೊಂಡು ತಿರುಗಿದ್ಯಾ? ಪೆದ್ದಿ! ಕೂತ್ಕೋ, ತಿನ್ನು ಮೊದಲು,” ಎಂದು ಉಳಿದ ಬಾನಿತ್ಸಾವನ್ನು ನನ್ನತ್ತ ಸರಿಸಿದರು.

ಗುರುವಾರದ ವಿಚಾರಗೋಷ್ಠಿಯಲ್ಲಿ ಎಲ್ಲರೆದುರು ನಿಂತು ಹೇಳಿಯೇಬಿಟ್ಟರು: “ಹದಿನೈದು ವರ್ಷ ನಿಮಗೆಲ್ಲ ತಪ್ಪು ಹೇಳಿದ್ದೀನಿ. ಇದನ್ನ ಹಿಡಿದವಳು ಈ ಹುಡುಗಿ.” ನನಗೆ ಮೇಜಿನ ಕೆಳಗೆ ನುಸುಳಿಕೊಳ್ಳುವಂತಾಯಿತು.

ಅವರ ಜೊತೆಯಲ್ಲೇ ಓದಿದ್ದ ಪ್ರೊಫೆಸರ್ ಪೆಂಚೋವ್ ಹೊರಗೆ ಪಡಸಾಲೆಯಲ್ಲಿ ಮೇಡಂ ಅವರನ್ನು ತಡೆದರು. “ಸ್ಟಾಮೆನಾ, ನಿನಗೆ ತಲೆ ನೆಟ್ಟಗಿದೆಯಾ? ಮುಂದಿನ ತಿಂಗಳು ನಿನ್ನನ್ನ ಪ್ರೊಫೆಸರ್ ಮಾಡೋ ವಿಷಯ ಸಭೆಗೆ ಬರ್ತಿದೆ. ಅಲ್ಲೀತನಕ ಸುಮ್ಮನಿದ್ದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ನಿದ್ದೆ ಹೋಗ್ತಿತ್ತು ಕಣಯ್ಯಾ,” ಎಂದರು ಮೇಡಂ.

ಸಭೆ ವಿಷಯವನ್ನು ಮುಂದೂಡಿತು. ಆಮೇಲೆ ಹಳೆಯ ಆಳ್ವಿಕೆ ಉರುಳಿ ದೇಶವೇ ಬದಲಾಯಿತು, ಕಡತ ಎಲ್ಲಿ ಹೋಯಿತೋ. ಅವರು ಪ್ರೊಫೆಸರ್ ಆಗಲೇ ಇಲ್ಲ. ಆದರೆ ಮುಂದಿನ ನಾಲ್ಕು ವರ್ಷ ನಾವಿಬ್ಬರೂ ಅದೇ ಕೋಣೆಯಲ್ಲಿ, ಚಳಿಗಾಲದಲ್ಲಿ ಕೋಟು ಹಾಕಿಕೊಂಡೇ, ಆ ಹೆಜ್ಜೆಯನ್ನು ರಿಪೇರಿ ಮಾಡಿದೆವು. ಗುಂಡು ಸರಪಳಿಗಿಂತ ಭಾರವಾಗಿದ್ದರೆ ಮಾತ್ರ ನಿಯಮ ಸರಿ, ಅಷ್ಟನ್ನು ಸಾಧಿಸಿದೆವು. ಪ್ರಬಂಧದಲ್ಲಿ ನನ್ನ ಹೆಸರು ಮೊದಲು ಬರಲೆಂದು ಹಟ ಹಿಡಿದರು. ನನ್ನ ಬದುಕಿನಲ್ಲಿ ಅಷ್ಟು ಸುಖದ ವರ್ಷಗಳು ಮತ್ತೆ ಬರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ನಾನು ಪ್ರೊಫೆಸರ್ ಆದ ದಿನ, ಮೇಡಂ ಕೋಲೂರಿಕೊಂಡು ಬಂದು ಮೊದಲ ಸಾಲಿನಲ್ಲಿ ಕೂತಿದ್ದರು. ನನ್ನ ಉಪನ್ಯಾಸ ಮುಗಿದ ಮೇಲೆ ಇಬ್ಬರೂ ಮರಿತ್ಸಾ ನದಿಯ ಸೇತುವೆಯವರೆಗೆ ನಡೆದೆವು. “ಹೊಟ್ಟೆ ಉರಿಯಲ್ವಾ ಮೇಡಂ?” ಎಂದು ಕೇಳಿಯೇಬಿಟ್ಟೆ.

“ಉರಿಯುತ್ತೆ, ಸ್ವಲ್ಪ,” ಎಂದು ನಕ್ಕು ನನ್ನ ತೋಳು ಹಿಡಿದುಕೊಂಡರು. “ನಿಧಾನಕ್ಕೆ ನಡಿಯೇ, ಮಂಡಿ ನೋಯ್ತಿದೆ.”