ಹಾಲಮ್ಮ ಕೇಳಿದ ಕುರ್ಚಿ

ಹಾಲಮ್ಮ ಬಂದಳೆಂದರೆ ಪಂಚಾಯಿತಿಯವರಿಗೆ ಎದೆ ಧಸಕ್ಕೆನ್ನುತ್ತದೆ. ಗ್ರಾಮಸಭೆಯ ದಿನ ಆಕೆ ಬಾಗಿಲಲ್ಲಿ ಕಂಡರೆ ಸಾಕು, ಕಾರ್ಯದರ್ಶಿ ತಲೆ ತಗ್ಗಿಸಿ ಯಾವುದೋ ಕಾಗದ ಹುಡುಕತೊಡಗುತ್ತಾರೆ. ಹಿಂದೆ ಕೂತ ಗಂಡಸರು "ಬಂತಪ್ಪೋ ಕುರ್ಚಿ" ಎಂದು ಮುಸಿಮುಸಿ ನಗುತ್ತಾರೆ. ನಗಲಿ ಬಿಡಿ. ಹನ್ನೆರಡು ವರ್ಷದ ಮಗಳನ್ನು ಸೊಂಟದ ಮೇಲೆ ಹೊತ್ತು ಬಚ್ಚಲಿಗೂ ಅಂಗಳಕ್ಕೂ ಓಡಾಡುವ ಕೆಲಸ ಅವರದಲ್ಲವಲ್ಲ.

ಮಗಳ ಹೆಸರು ನಾಗಶ್ರೀ. ಹುಟ್ಟುವಾಗ ಉಸಿರು ಸಿಕ್ಕದೆ ಮೆದುಳಿಗೆ ಪೆಟ್ಟಾಯಿತೆಂದು ಡಾಕ್ಟರು ಹೇಳಿದ್ದರು. ಕೈಕಾಲು ಸೆಟೆದುಕೊಳ್ಳುತ್ತವೆ, ಕತ್ತು ನಿಲ್ಲುವುದಿಲ್ಲ, ಮಾತು ಬಂದಿಲ್ಲ. ದಿನವಿಡೀ ಚಾಪೆಯ ಮೇಲೆ ಮಲಗಿ ಹಂಚು ನೋಡುವುದೇ ಅವಳ ಲೋಕ. ಎದುರಿಗೇ ಶಾಲೆ, ಪಕ್ಕದಲ್ಲಿ ರಸ್ತೆ, ಹಿಂದೆ ಕುರಿದೊಡ್ಡಿ, ಇಷ್ಟೆಲ್ಲ ಇದ್ದೂ ಆ ಹುಡುಗಿಗೆ ಕಾಣುವುದು ಹಂಚು! ಕತ್ತಿಗೆ ಆಸರೆ, ಎದೆಗೆ ಪಟ್ಟಿ ಇರುವ ಗಾಲಿಕುರ್ಚಿ ಸಿಕ್ಕರೆ ಕೂರಿಸಬಹುದು ಎಂದು ಶಿಕಾರಿಪುರದ ಶಿಬಿರದಲ್ಲಿ ಯಾರೋ ಹೇಳಿದ್ದರು. ಅಂದಿನಿಂದ ಹಾಲಮ್ಮನಿಗೆ ಅದೊಂದೇ ಜಪ.

ಅವರ ಮನೆ ಅಂಜನಾಪುರದ ಹತ್ತಿರದ ಒಂದು ಊರಿನ ಕೊನೆಯಲ್ಲಿದೆ. ಗಂಡ ಲೋಕಪ್ಪ ಕುರಿ ಸಾಕುವವನು. ಭತ್ತದ ಕೊಯ್ಲು ಮುಗಿಯಿತೆಂದರೆ ಮಂದೆ ಹೊಡೆದುಕೊಂಡು ಸೊರಬದ ಕಡೆ ಹೊರಟುಬಿಡುತ್ತಾನೆ. ಜಡೆಯ ಸುತ್ತಮುತ್ತ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿಕೊಂಡು ತಿಂಗಳುಗಟ್ಟಲೆ ಅಲ್ಲೇ ಇರುತ್ತಾನೆ. ಅತ್ತೆ ಇರುವವರೆಗೆ ಬೈದಾಡಿಕೊಳ್ಳಲಿಕ್ಕಾದರೂ ಒಂದು ಜೀವವಿತ್ತು, ಅವರೂ ಹೋದರು. ಮದುವೆ, ತೊಟ್ಟಿಲು ಎಂದು ಕರೆಯುವವರೂ ಇಲ್ಲವಾದರು. ಆ ಮಗುವನ್ನು ಬಿಟ್ಟು ಹೇಗೆ ಬರುತ್ತಾಳೆ ಪಾಪ ಎಂದು ತಾವೇ ತೀರ್ಮಾನಿಸಿಕೊಂಡರು. ಒಮ್ಮೆ ಕರೆದು ನೋಡಿದ್ದರೆ ಇವರ ಗಂಟೇನು ಹೋಗುತ್ತಿತ್ತು? ನಿಜ ಹೇಳಬೇಕೆಂದರೆ, ಪಕ್ಕದ ಮನೆಯ ವರದಮ್ಮನ ಬಳಿ ಮಗಳನ್ನು ಬಿಟ್ಟು ದೂರು ಹೇಳಲು ಹೋದ ದಿನ ಮಾತ್ರ ಯಾರೋ ಒಬ್ಬರು ಹಾಲಮ್ಮನ ಎದುರು ಕೂತು ಅವಳ ಮಾತು ಕೇಳುತ್ತಿದ್ದರು. ಬೇಸರದಿಂದಲೇ ಕೇಳುತ್ತಿದ್ದರು, ಆದರೂ ಕೇಳುತ್ತಿದ್ದರು.

ಕೊನೆಗೂ ತಾಲ್ಲೂಕಿನಿಂದ ಒಬ್ಬ ಸಾಹೇಬರು ಬಂದು ಮಗುವನ್ನು ನೋಡಿ ಹೋದರು. ಮೂರು ತಿಂಗಳಿಗೆ ಟೆಂಪೋದಲ್ಲಿ ಬಂದಿಳಿದದ್ದು ಕೈಯಿಂದ ತಿರುಗಿಸುವ ಮೂರುಗಾಲಿಯ ಸೈಕಲ್ಲು!

ಹಾಲಮ್ಮ ಸುಮ್ಮನಿರುತ್ತಾಳೆಯೇ? ಮುಂದಿನ ಗ್ರಾಮಸಭೆಯಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು. "ಯಾರಿಗ್ರೀ ಕೊಟ್ಟೀರಿ ಈ ಸೈಕಲ್ಲು? ನನ್ನ ಮಗಳು ಕೈಯಾಗ ಒಂದು ತುತ್ತು ಹಿಡಿಯಂಗಿಲ್ಲ. ನಿಮ್ಮ ಹಿಡಿಕಿ ತಿರುಗಿಸ್ತಾಳೇನ್ರೀ? ಕಣ್ಣಿದ್ದೋರು ಒಬ್ರೂ ಇಲ್ಲೇನು ಆಫೀಸಿನಾಗ?"

ಅರ್ಜಿ ಬರೆಸಿದಳು, ಮತ್ತೊಂದು ಬರೆಸಿದಳು. ಸೈಕಲ್ಲಿನ ಮೇಲೆ ಕೋಳಿಗಳು ಕೂರತೊಡಗಿದವು. ಕೊನೆಗೊಂದು ದಿನ ಉತ್ತರ ಬಂತು. ಅದನ್ನು ಹಿಡಿದುಕೊಂಡು ಬಂದವನು ಮಾಲತೇಶ್. ಪಂಚಾಯಿತಿಯಲ್ಲಿ ವಿಕಲಚೇತನರ ಕೆಲಸ ನೋಡುವವನು, ತಾನೂ ಪೋಲಿಯೋದಿಂದ ಕಾಲು ಎಳೆಯುವವನು. ಜಗಲಿಯ ಮೇಲೆ ಕೂತು ಓದಿದ: ಮಗು ಯಾರೂ ಹಿಡಿಯದೆ ನೆಟ್ಟಗೆ ಕೂರುವುದನ್ನು ಪರಿಶೀಲನಾಧಿಕಾರಿಗಳು ಖುದ್ದು ನೋಡಿರುವುದರಿಂದ ಆಸರೆಯ ಕುರ್ಚಿಯ ಅಗತ್ಯ ಕಂಡುಬಂದಿಲ್ಲ.

"ಹಾಲಮ್ಮಕ್ಕ, ಇದು ಹೆಂಗ್ ಸಾಧ್ಯ? ಅವತ್ತು ನಾನು ರಜಾದಾಗಿದ್ದೆ. ನೀವು ಏನ್ ಮಾಡಿದ್ರಿ?"

ಹಾಲಮ್ಮ ಒಳಗಿನ ಕಂಬದ ಕಡೆ ನೋಡುತ್ತ ನಡೆದದ್ದನ್ನು ಹೇಳಿದಳು.

ಏನು ಮಾಡಿದ್ದಳೆಂದರೆ, ಆ ಮನೆತನದಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದ್ದಳು. ಮನೆಗೆ ದೊಡ್ಡವರು ಬಂದರೆ ನೆಲ ಸಾರಿಸಿ ಕಂಬಳಿ ಹಾಸುವುದು, ಮಕ್ಕಳಿಗೆ ತಲೆ ಬಾಚಿ ಹೊಸ ಬಟ್ಟೆ ತೊಡಿಸಿ ಕೂರಿಸುವುದು ಅವರಲ್ಲಿ ಹಿಂದಿನಿಂದ ಬಂದದ್ದು. ಬಂದವರೆದುರು ಮಗಳು ಮುದ್ದೆಯಾಗಿ ಬಿದ್ದಿದ್ದರೆ ಏನು ಚೆಂದ? ಬೆಳಗ್ಗೆಯೇ ಎಣ್ಣೆ ಹಚ್ಚಿ ನೀರು ಹಾಕಿ, ಹಸಿರು ಲಂಗ ಉಡಿಸಿ, ಎರಡು ಜಡೆ ಹಾಕಿ ಹೂ ಮುಡಿಸಿದಳು. ಮನೆ ನಡುವಿನ ಕಂಬಕ್ಕೆ ಒರಗಿಸಿ, ಹಳೆಯ ಕಂಬಳಿಯನ್ನು ಪಟ್ಟಿಯಾಗಿ ಮಡಿಸಿ ಎದೆ, ಹಣೆ ಎರಡಕ್ಕೂ ಸುತ್ತಿ ಕಂಬಕ್ಕೆ ಬಿಗಿದಳು. ಕಟ್ಟು ಕಾಣದ ಹಾಗೆ ಲೋಕಪ್ಪನ ಶಾಲನ್ನು ತಲೆಯ ಮೇಲಿಂದ ಹೊದಿಸಿದಳು. ಹುಡುಗಿಗೋ ಹಿಗ್ಗೋ ಹಿಗ್ಗು. ಸಾಹೇಬರು ತಮಗೆ ಹಾಸಿದ ಕಂಬಳಿಯ ಮೇಲೆ ಕೂತು ಚಹಾ ಕುಡಿದು, "ಎಷ್ಟು ಲಕ್ಷಣವಾಗಿ ಕೂತಾಳಮ್ಮ ನಿಮ್ಮ ಮಗಳು" ಎಂದಿದ್ದರು. ಆ ಒಂದು ಮಾತನ್ನು ಹಾಲಮ್ಮ ಎಂಟು ದಿನ ಮೆಲುಕು ಹಾಕಿದ್ದಳು. ಮಗಳನ್ನು ಹೊಗಳಿದವರು ಯಾರಿದ್ದರು ಬೇರೆ?

ಕೇಳಿ ಮಾಲತೇಶನಿಗೆ ನಗು ಬಂತು; ಅವಳ ಮುಖ ನೋಡಿ ನಿಲ್ಲಿಸಿದ. "ಹೋಗ್ಲಿ ಬಿಡ್ರಿ ಅಕ್ಕ, ಇನ್ನೊಮ್ಮೆ ಕರೆಸ್ತೀನಿ. ಇದು ಕಡೀ ಅವಕಾಶ. ಈ ಸಲ ಕಟ್ಟಬ್ಯಾಡ್ರಿ, ಹೂವು ಗೀವು ಏನೂ ಬ್ಯಾಡ. ಅವರು ಏನು ಕೇಳಿದ್ರೂ ಇಲ್ಲ ಅನ್ರಿ. ಅಷ್ಟೂ ಇಲ್ಲ ಅಂತ ಬಂದ್ರೆ ಕುರ್ಚಿ ಬಂದಂಗೇ."

ಆ ಸಂಜೆ ಹಾಲಮ್ಮನಿಗೆ ಯಾರನ್ನಾದರೂ ಬಯ್ಯಬೇಕೆನಿಸಿತು. ಮೂರು ಗ್ರಾಮಸಭೆಗಳಲ್ಲಿ ಊರಿಗೆಲ್ಲ ಬೈದವಳಿಗೆ ಈಗ ಬಯ್ಯಲು ಉಳಿದವಳು ತಾನೊಬ್ಬಳೇ.

ಹದಿನೈದು ದಿನಕ್ಕೆ ಅದೇ ಸಾಹೇಬರು ಬಂದರು. ಹಿಂದೆ ಮಾಲತೇಶ್. ನಾಗಶ್ರೀ ಹಳೆಯ ಫ್ರಾಕಿನಲ್ಲಿ, ಕೆದರಿದ ತಲೆಯಲ್ಲಿ ಚಾಪೆಯ ಮೇಲಿದ್ದಳು. ಬೆಳಗಿನಿಂದ ಕಂಬದ ಕಡೆ ಕಣ್ಣು ಹೊರಳಿಸಿ ಊಂ ಊಂ ಎಂದು ತಾಯಿಯನ್ನು ಕರೆದು ಕರೆದು ಸುಸ್ತಾಗಿದ್ದಳು.

"ಹೋದ ಸಲ ಕೂತಿದ್ಲಲ್ಲಮ್ಮ?"

"ನಾನೇ ಕಟ್ಟಿದ್ದೆ ಸಾರ್. ಚೆಂದ ಕಾಣ್ಲಿ ಅಂತ ಕಟ್ಟಿದ್ದೆ. ತಪ್ಪಾತು."

ಸಾಹೇಬರು ಕೂರಿಸಲು ಹೇಳಿದರು. ಹಾಲಮ್ಮ ಮಗಳನ್ನು ಎತ್ತಿ ಕೂರಿಸಿ, ಹಲ್ಲು ಕಚ್ಚಿ ಕೈ ಬಿಟ್ಟಳು. ಹುಡುಗಿ ಪಕ್ಕಕ್ಕೆ ವಾಲಿ ಬಿದ್ದಳು. ಕೆಳಗೆ ದಿಂಬಿತ್ತು, ಪೆಟ್ಟಾಗಲಿಲ್ಲ. ಆದರೆ ತಾಯಿ ಕೈ ಬಿಟ್ಟದ್ದು ಅದೇ ಮೊದಲು.

ಸಾಹೇಬರು ಫಾರಂ ತೆರೆದು ಒಂದೊಂದೇ ಕೇಳತೊಡಗಿದರು. ಕತ್ತು ನಿಲ್ಲುತ್ತದಾ? ಇಲ್ರಿ. ತಾನೇ ಉಣ್ಣುತ್ತಾಳಾ? ಇಲ್ರಿ. ಒಂದಕ್ಕೆ ಬಂದರೆ ತಿಳಿಸುತ್ತಾಳಾ? ದನಿ ಮಾಡಿ ಕರೆಯುತ್ತಿದ್ದಳು, ಒಂದು ದಿನವೂ ತಪ್ಪಿಸಿದವಳಲ್ಲ. ಹಾಲಮ್ಮ ಇಲ್ರಿ ಎಂದಳು. ಕೈಯಲ್ಲಿ ಏನಾದರೂ ಹಿಡಿಯುತ್ತಾಳಾ? ಇಲ್ರಿ. ಮನೆಯವರ ಗುರುತು ಸಿಗುತ್ತದಾ? ಅಯ್ಯೋ ಶಿವನೇ, ಅದಕ್ಕೂ ಇಲ್ರಿ ಎಂದಳು.

"ನಾವು ಮಾತಾಡೋದು ತಿಳಿಯುತ್ತಾ?"

ಮಾಲತೇಶ್ ಕೆಮ್ಮಿದ. ಹಾಲಮ್ಮ ಮಗಳ ಕಡೆ ತಿರುಗಿದಳು. ಊಂ ಎನ್ನುವುದೂ ನಿಂತುಹೋಗಿತ್ತು. ಹುಡುಗಿ ತಾಯಿಯನ್ನೇ ನೋಡುತ್ತಿದ್ದಳು. ಕಣ್ಣಿನಿಂದ ನೀರು ಕಿವಿಯ ಕಡೆ ಇಳಿಯುತ್ತಿತ್ತು.

"ಎಲ್ಲಾ ತಿಳೀತೈತ್ರಿ," ಎಂದಳು ಹಾಲಮ್ಮ. "ಇಷ್ಟೊತ್ತು ನಾ ಅಂದಿದ್ದೆಲ್ಲ ಕೇಳ್ಯಾಳ್ರಿ ಆಕಿ."

ಸಾಹೇಬರ ಪೆನ್ನು ನಿಂತಿತು. ಆಮೇಲೆ ಅವರು ಸಹಿ ಮಾಡಿ, "ಕುರ್ಚಿ ಬರ್ತದಮ್ಮ, ನಾನು ಬರೆದಿದೀನಿ" ಎಂದು ಮೆಲ್ಲಗೆ ಹೇಳಿ ಎದ್ದರು. ಮಾಲತೇಶನೂ ಹೊರಟ.

ಹಾಲಮ್ಮ ಚಾಪೆಯ ಪಕ್ಕ ಕೂತು ಮಗಳ ತಲೆ ಬಾಚತೊಡಗಿದಳು. "ನಿಂಗೆ ಎಲ್ರ ಗುರುತೂ ಐತಿ, ನಂಗೊತ್ತಿಲ್ಲೇನು? ನಿಮ್ಮಪ್ಪ ಅಂಗಳಕ್ಕ ಬರೋ ಮೊದ್ಲೇ ನಿಂಗೆ ತಿಳೀತೈತಿ. ಸೊರಬದ ಬಸ್ಸಿನ ಹಾರನ್ನು ಬ್ಯಾರೆ, ಶಿಕಾರಿಪುರದ್ದು ಬ್ಯಾರೆ, ಅದೂ ಗೊತ್ತು. ಒಂದಕ್ಕೆ ಬಂದ್ರೆ ಕರೀತೀ, ನನ್ನವ್ವ, ಒಂದಿನಾನೂ ಬಟ್ಟಿ ಹೊಲಸು ಮಾಡ್ದೋಳಲ್ಲ ನೀನು." ಹೇಳಿದಳು, ಹೇಳುತ್ತಲೇ ಇದ್ದಳು. ನಾಗಶ್ರೀ ಗೋಡೆಯ ಕಡೆ ಮುಖ ಹೊರಳಿಸಿದ್ದಳು, ಈಚೆ ತಿರುಗಲಿಲ್ಲ.