ಬಚ್ಚಲಿಗೆ ಸುರಿದ ಮಡಿ ನೀರು

ಗೆಳತಿಯರೇ, ಬಾಯಾರಿದವರಿಗೆ ನೀರಿನ ಬಣ್ಣ ಕಾಣದು ಎಂಬಂಥ ಒಂದು ಪದ್ಯದ ಸಾಲು ಅರ್ಧಂಬರ್ಧ ನೆನಪಾಗುತ್ತಿದೆ. ನಿಜವೇ? ಬರೆದವರು ಈ ವಾರ ಅಜ್ಜಂಪುರಕ್ಕೆ ಬಂದಿರಲಾರರು.

ಕೆರೆಯ ಏರಿ ಒಡೆದು ಬಾವಿಗಳಿಗೆಲ್ಲ ಹೊಲಸು ನೀರು ನುಗ್ಗಿ, ಊರಲ್ಲಿ ವಾಂತಿಭೇದಿ ಹಬ್ಬಿದೆ. ಇವತ್ತು ಬೆಳಿಗ್ಗೆ ಅಮಲ್ದಾರರು ಕಳಿಸಿದ ಜನ ನಮ್ಮ ಬೀದಿಯ ಬಾವಿಗೆ ಔಷಧಿ ಹಾಕಿದರು. ನೀರು ಕೆಂಪಾಯಿತು. ಹೆಂಗಸರು ಯಾರೂ ಕೊಡ ಇಳಿಸಲಿಲ್ಲ. ಓದಿದವಳಲ್ಲವೇ, ನಾನೇ ಕಟ್ಟೆಯ ಬಳಿ ನಿಂತು, "ಇದನ್ನೇ ಕುಡೀರಮ್ಮ, ಇದೇ ಜೀವ ಉಳಿಸೋದು" ಎಂದು ಭಾಷಣ ಮಾಡಿದೆ.

ಮಧ್ಯಾಹ್ನ ಪಕ್ಕದ ಮನೆಯ ಪುಟ್ಟಮ್ಮ ಚೊಂಬು ಹಿಡಿದು ಬಾಗಿಲಿಗೆ ಬಂದಳು. "ಅಮ್ಮಾವ್ರೇ, ಮಗಳಿಗೆ ವಾಂತಿ ಶುರುವಾಗೈತೆ. ಕೆಂಪು ನೀರು ಬಾಯಿಗೇ ಹಾಕ್ತಿಲ್ಲ. ನಿಮ್ಮನೇಲಿ ದೇವ್ರಿಗಿಟ್ಟ ಬಿಳೀ ನೀರೈತಂತಲ್ಲ, ಒಂಚೂರು ಕೊಡಿ."

ಇತ್ತು. ಔಷಧಿ ಬೀಳುವ ಮೊದಲೇ ಅತ್ತೆಯವರು ದೇವರ ಮಡಿಗೆಂದು ಒಂದು ಕೊಡ ಸೇದಿಸಿಟ್ಟಿದ್ದರು. ನಾನು ನೋಡಿಯೂ ಸುಮ್ಮನಿದ್ದೆ. ನನ್ನ ಕಾಫಿಗೂ ಅದೇ ನೀರು.

ರೋಗ ಇರುವುದು ಅದರಲ್ಲೇ ಎಂದು ಅವಳಿಗೆ ಹೇಳಬೇಕಿತ್ತು. ಹೇಳಿದರೆ ನನ್ನ ಕಾಫಿಯ ಗುಟ್ಟೂ ಹೊರಬೀಳುತ್ತದೆಂದು ನಾಚಿಕೆಯಾಯಿತು. ಒಳಗೆ ಓಡಿ ಕೊಡವನ್ನು ಬಚ್ಚಲಿಗೆ ಬಗ್ಗಿಸಿಬಿಟ್ಟೆ. ಸುರಿದ ಸದ್ದು ಬೀದಿಗೂ ಕೇಳಿಸಿರಬೇಕು. ಹೊರಗೆ ಬಂದು, "ಕೆಂಪು ನೀರನ್ನೇ ಕಾಯಿಸಿ, ಬೆಲ್ಲ ಹಾಕಿ ಕೊಡ್ತೀನಿ, ನಿಲ್ಲು" ಎಂದೆ.

ಪುಟ್ಟಮ್ಮ ಆಗಲೇ ಮೆಟ್ಟಿಲಿಳಿದಿದ್ದಳು. "ಕೊಡಕ್ಕಾಗಲ್ಲ ಅಂದಿದ್ರೆ ಸುಮ್ನೆ ಹೋಗ್ತಿದ್ದೆ ಅಮ್ಮಾವ್ರೇ. ನಮ್ ಚೊಂಬಿಗೆ ಬೀಳ್ಬಾರ್ದು ಅಂತ ದೇವ್ರ ನೀರು ಬಚ್ಚಲಿಗೆ ಸುರೀಬೇಕಿತ್ತಾ?"